ರಸ್ತೆಯ ಆ ಬದಿಯ ತೆರಿಗೆ

ಇಂದುಮತಿ ಶನಿವಾರದ ಕನ್ನಡ ತರಗತಿ ನಡೆಸುತ್ತಿದ್ದದ್ದು ಊರಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ. ಅಮೆರಿಕದ ಡಲ್ಲಾಸಿನಿಂದ ಕ್ಯಾರಲ್ಟನ್ ದಾಟಿ ಇನ್ನಷ್ಟು ಉತ್ತರಕ್ಕೆ ಹೋದರೆ ಸಿಗುವ ಸಣ್ಣ ಊರು ಅದು. ಮೈಸೂರಿನಲ್ಲಿ ಹೈಸ್ಕೂಲ್ ಟೀಚರ್ ಆಗಿದ್ದವರಿಗೆ ಇಲ್ಲಿ ಸುಮ್ಮನೆ ಕೂರುವುದೇ ಕಷ್ಟವಾಗಿತ್ತು. ಮಕ್ಕಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರೂ ಆಕೆ ಬಿಡುತ್ತಿರಲಿಲ್ಲ. ಗದರಿಸಿ, ನಗಿಸಿ ಕನ್ನಡ ಹೊರಡಿಸುತ್ತಿದ್ದರು.

ಲೈಬ್ರರಿಯ ಎದುರು, ರಸ್ತೆಯ ಆಚೆ ಬದಿಯಲ್ಲಿ, ಪಾಳುಬಿದ್ದ ಮಾಲ್ ಒಂದಿತ್ತು. ನಗರಸಭೆ ಅದನ್ನೂ ಸುತ್ತಲಿನ ಜಾಗವನ್ನೂ ಸೇರಿಸಿ ಅಭಿವೃದ್ಧಿ ವಲಯವೆಂದು ಘೋಷಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಅಪಾರ್ಟ್‌ಮೆಂಟು, ಹೋಟೆಲು, ದೊಡ್ಡದೊಂದು ಕಾರಂಜಿ ಎದ್ದವು. "ಊರಿಗೆ ಕಳೆ ಬಂತು ಕಣ್ರೀ," ಎಂದು ಇಂದುಮತಿ ಗಂಡನಿಗೆ ಹೇಳಿದ್ದರು.

ಹಾಗಿರುವಾಗ ಲೈಬ್ರರಿಯ ಬಾಗಿಲಿಗೆ ಒಂದು ನೋಟಿಸು ಬಿತ್ತು. ಹಣದ ಕೊರತೆ, ಇನ್ನು ಶನಿವಾರ ರಜೆ.

"ಎದುರಿಗೆ ಇಷ್ಟೊಂದು ಕಟ್ಟಡ ಬಂದಿದೆ. ತೆರಿಗೆ ಬರಲ್ವಾ?" ಇಂದುಮತಿ ಮನೆಗೆ ಬಂದವರೇ ಕೇಳಿದರು.

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಗಂಡ ಪ್ರಭಂಜನ ಬಿಡಿಸಿ ಹೇಳಿದರು: "ಬರುತ್ತೆ. ಆದರೆ ವಲಯ ಮಾಡಿದಾಗ ಎಷ್ಟು ಬರ್ತಿತ್ತೋ ಅಷ್ಟು ಮಾತ್ರ ಊರಿನ ಖಜಾನೆಗೆ. ಆಮೇಲೆ ಹೆಚ್ಚಾದದ್ದೆಲ್ಲ ವಲಯದ ಕೆಲಸಕ್ಕೇ ಖರ್ಚಾಗಬೇಕು. ಅಲ್ಲಿ ಬೆಂಕಿ ಬಿದ್ದರೆ ಹೋಗೋ ಫೈರ್ ಎಂಜಿನ್ ಖರ್ಚು ಮಾತ್ರ ಊರಿನದು."

"ಅಂದರೆ ಕಾರಂಜಿಗೆ ದುಡ್ಡಿದೆ, ಲೈಬ್ರರಿಗೆ ಇಲ್ಲ?"

"ಗಡಿ ರಸ್ತೆ ಮಧ್ಯದಲ್ಲಿದೆ. ಲೈಬ್ರರಿ ಈ ಕಡೆ ಉಳಿದುಬಿಟ್ಟಿದೆ."

ಇಂದುಮತಿಗೆ ಮೈ ಉರಿಯಿತು. ನಗರಸಭೆಯ ಮುಂದಿನ ಸಭೆಗೆ ಹೋಗಿ ಮೈಕಿನ ಮುಂದೆ ನಿಂತು, ಲೈಬ್ರರಿಗೂ ಆ ತೆರಿಗೆಯಲ್ಲಿ ಪಾಲು ಕೊಡಿ ಎಂದು ಕೇಳಿದರು. ಮೇಯರ್ ತಾಳ್ಮೆಯಿಂದಲೇ ಕೇಳಿಸಿಕೊಂಡರು. ನಿಯಮ ಹಾಗಿದೆ, ವಲಯದ ಅವಧಿ ಮುಗಿದ ಮೇಲೆ ಪೂರ್ತಿ ತೆರಿಗೆ ಊರಿಗೇ ಬರುತ್ತದೆ, ಆಗ ಲೈಬ್ರರಿಗೂ ಒಳ್ಳೆಯ ಕಾಲ ಎಂದರು. ಆಕೆ ಹಿಂದಿರುಗಿ ಕುರ್ಚಿಯಲ್ಲಿ ಕೂತರೋ ಇಲ್ಲವೋ, ಮುಂದಿನ ವಿಷಯ ಬಂತು: ಬಿಲ್ಡರ್‌ಗೆ ಪಾರ್ಕಿಂಗ್ ಕಟ್ಟಡ ಬೇಕಾಗಿರುವುದರಿಂದ ಅದೇ ವಲಯದ ಅವಧಿ ವಿಸ್ತರಣೆ. ಸದಸ್ಯರೆಲ್ಲರೂ ಒಪ್ಪಿ ಕೈ ಎತ್ತಿದರು. ಇಂದುಮತಿ ಮತ್ತೆ ಎದ್ದು ನಿಂತರು. ಮಾತಾಡುವ ಸರದಿ ಮುಗಿದಿದೆ ಎಂದು ಗುಮಾಸ್ತೆ ಮೆಲ್ಲಗೆ ಹೇಳಿದಳು.

ತರಗತಿ, ವಿದ್ಯಾರ್ಥಿನಿ ತನ್ವಿಯ ತಾಯಿ ಮಧುರಾಳ ಮನೆಯ ಗರಾಜಿಗೆ ಶಿಫ್ಟ್ ಆಯಿತು. ಟೆಕ್ಸಸ್ ಬಿಸಿಲಿಗೆ ಅದು ಒಲೆಯಂತೆ ಕಾಯುತ್ತಿತ್ತು. ಒಬ್ಬೊಬ್ಬರೇ ಮಕ್ಕಳು ಬರುವುದನ್ನು ಬಿಟ್ಟರು.

ಒಂದು ದಿನ ಮಧುರಾ ಸಂಭ್ರಮದಿಂದ ಬಂದಳು. "ಆಂಟಿ, ಕಾರಂಜಿ ಹತ್ತಿರ ಕಲ್ಚರಲ್ ಡೇ ಅಂತೆ. ನಮ್ಮ ಮಕ್ಕಳು ಕನ್ನಡ ಹಾಡು ಹಾಡಬೇಕಂತೆ. ಸಿಟಿಯವರೇ ಕರೆದಿದ್ದಾರೆ!"

"ಪಾಠಕ್ಕೆ ಕೋಣೆ ಕೊಡದವರಿಗೆ ಹಾಡು ಬೇಕಾ?"

"ಮಕ್ಕಳು ಏನು ಮಾಡಿದ್ದಾರೆ ಆಂಟಿ? ತನ್ವಿ ಆಗಲೇ ಡ್ರೆಸ್ ಆರಿಸಿಕೊಂಡಿದ್ದಾಳೆ."

ಶನಿವಾರ ವಲಯದೊಳಗೆ ಒಂದು ಕೋಣೆ ಕೊಟ್ಟರೆ ಹಾಡು ತಾನೇ ಕಲಿಸುತ್ತೇನೆ ಎಂದು ಇಂದುಮತಿ ಸಿಟಿಗೆ ಬರೆದರು. ಧನ್ಯವಾದದ ಜೊತೆ ವಲಯದ ಹೊಸ ಹಾಲ್‌ನ, ಅವರ ಕೈಗೆ ಎಟುಕದ ಬಾಡಿಗೆ ದರ ಬಂತು. ಕೊನೆಗೆ ಮಧುರಾಳೇ ಹಾಡು ಕಲಿಸಿದಳು. ಪ್ರಭಂಜನ ನೋಡಲು ಹೋದರು, ಇಂದುಮತಿ ಹೋಗಲಿಲ್ಲ.

"ಚೆನ್ನಾಗಿ ಹಾಡಿದರು. ನೀನೂ ಬರಬಹುದಿತ್ತು," ಎಂದರು ಪ್ರಭಂಜನ.

"ನಿಮಗೆ ಅರ್ಥ ಆಗಲ್ಲ ಬಿಡಿ," ಎಂದು ಅಡುಗೆಮನೆಗೆ ನಡೆದರು. ಮಕ್ಕಳ ಖುಷಿಗೂ ತಾನೇ ಅಡ್ಡ ನಿಂತ ಹಾಗಾಯಿತಲ್ಲ ಎಂಬುದೇ ಅವರನ್ನು ಹೆಚ್ಚು ಸುಡುತ್ತಿತ್ತು.

ಅದಾದ ಮೇಲೆ ಗರಾಜಿನ ತರಗತಿ ನಡೆಯಲಿಲ್ಲ. ಈಗ ಇಂದುಮತಿ ಶನಿವಾರ ದೂರದ ಯೂಲೆಸ್ ಎಂಬ ಊರಿನವರೆಗೆ ಡ್ರೈವ್ ಮಾಡುತ್ತಾರೆ. ಅಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಹೊಸ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. ಹಳೆಯ ಮಕ್ಕಳಲ್ಲಿ ಅಷ್ಟು ದೂರ ಬರುವವರು ಯಾರೂ ಇಲ್ಲ.