ಅಪ್ಪ ಕೀಸಿದ ಬಾಗಿಲು

ಇವತ್ತು ಪಾಂಡವಪುರದಲ್ಲಿ ಬಡಗಿಯೊಬ್ಬರು ಬಾಗಿಲು ಕೀಸುತ್ತಿದ್ದರು. ತೇಗದ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಅದೇ ಊರಿನ ನಮ್ಮ ಹಳೆಯ ಆಚಾರಿ ಬೀದಿ ಕಣ್ಣ ಮುಂದೆ ಎದ್ದು ಬಂತು.

ನಾನು ಚಿಕ್ಕವನಿದ್ದಾಗ, ರಸ್ತೆ ಅಗಲ ಮಾಡುತ್ತೇವೆಂದು ನಮ್ಮ ಮನೆಗಳ ಗೋಡೆಗೆ ಕೆಂಪು ಗೆರೆ ಎಳೆದಿದ್ದರು. ಬೀದಿಯ ಕೊನೆಗೆ ಊರ ಯಜಮಾನರ ಮಹಡಿ ಮನೆ ಬಂದಾಗ ಆ ಗೆರೆಗೂ ಮರ್ಯಾದೆ ನೆನಪಾಗಿ, ಪಕ್ಕಕ್ಕೆ ಸರಿದು ಹೋಯಿತು. ನಮ್ಮ ಮನೆ ಒಡೆದರು.

ಅಪ್ಪ ನನ್ನನ್ನು ಕರೆದುಕೊಂಡು ಬಾಡಿಗೆಗೆ ಕೇಳಲು ಹೋದದ್ದು ಆ ಮಹಡಿ ಮನೆಗೇ. ಅದರ ಬಾಗಿಲು ಅಪ್ಪನೇ ಮಾಡಿದ್ದು. ಹೊಸ್ತಿಲು ಕೂರಿಸಿದ ದಿನ ಯಜಮಾನರು ಪಂಚೆ, ತಾಂಬೂಲ ಕೊಟ್ಟು, ಮೊದಲು ಅಪ್ಪನನ್ನೇ ಒಳಗೆ ಕಾಲಿಡಿಸಿದ್ದರು.

"ಮೇಲ್ಗಡೆ ಖಾಲಿ ಅದೆ ಆಚಾರ್ರೇ, ಆದ್ರೆ ನಮ್ ಜನಕ್ಕೇ ಕೊಡ್ಬೇಕು ಅಂತ ಮನೇಲಿ ಅಂತಾವ್ರೆ. ಬೇಜಾರ್ ಮಾಡ್ಕಬ್ಯಾಡಿ," ಎಂದರು ಯಜಮಾನರು. "ಎಂಗೂ ಬಂದಿದ್ದೀರಿ, ಈ ಬಾಗ್ಲು ಒಸಿ ಕಚ್ಕತದೆ, ನೋಡ್ಬುಡಿ."

ಅಪ್ಪ ಚೀಲದಿಂದ ಉಜ್ಜುಗೊರಡು ತೆಗೆದು ಬಾಗಿಲಿನ ಅಂಚು ಕೀಸಿದರು. ನಾವು ಹೊರಗೆ ಬಂದ ಮೇಲೆ ಅದು ನಮ್ಮ ಬೆನ್ನ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.

"ಅವ್ರಿಗ್ಯಾಕೆ ಮಾಡ್ಕೊಟ್ಟೆ?" ಎಂದೆ.

"ನಾನ್ ಮಾಡಿದ್ ಬಾಗ್ಲು ಕಣ್ಲಾ. ಕಚ್ಕಂಡ್ರೆ ಅವ್ಮಾನ ನಂಗೇ."

ಇವತ್ತು ಆ ವಾಸನೆಯ ಹಿಂದೆಯೇ ನಡೆದು ನಮ್ಮ ಬೀದಿ ನೋಡಿ ಬಂದೆ. ರಸ್ತೆ ಅಂದಿನಷ್ಟೇ ಕಿರಿದು. ನಮ್ಮ ಮನೆಯಿದ್ದ ಜಾಗದಲ್ಲಿ ಪಾರ್ಥೇನಿಯಂ ಗಿಡಗಳು ಎಂದೋ ಗೃಹಪ್ರವೇಶ ಮಾಡಿವೆ. ಅವು ಯಾವ ಜನ ಅಂತ ಯಾರೂ ಕೇಳಿದಂತಿಲ್ಲ.