ಶಿಕಾರಿಪುರದಲ್ಲಿ ನೋಡಿ, ಸೊರಬದಲ್ಲಿ ಕೊಂಡು

ಒಂದು ದಿನದ ಈ ಓಡಾಟಕ್ಕೆ ನನ್ನ ಕೈಯಿಂದ ಹೋದದ್ದು ಏಳುನೂರ ಮೂವತ್ತು ರೂಪಾಯಿ. ಬಸ್ಸಿಗೆ ನೂರ ಎಂಬತ್ತು, ಹೊಟ್ಟೆಗೆ ಎಪ್ಪತ್ತು, ನನಗೆ ಬೇಡದ ಒಂದು ನೀಲಿ ಕುರ್ತಾಕ್ಕೆ ನಾನೂರ ಎಂಬತ್ತು. ಬರಬೇಕಾಗಿದ್ದು ಎರಡು ಮಳಿಗೆಗೆ ಸೇರಿ ಏಳುನೂರು ಕೂಲಿ, ಅದರ ಮೇಲೆ ಕುರ್ತಾದ ದುಡ್ಡು ವಾಪಸ್. ಯಾವುದೂ ಬರಲಿಲ್ಲ. ಇದೇ ಕೆಲಸಕ್ಕೆ ಹೊರಡುವವರು ನಿಮ್ಮಲ್ಲೂ ಇರಬಹುದೆಂದು ಇದನ್ನು ಬರೆಯುತ್ತಿದ್ದೇನೆ.

ಕೆಲಸವೆಂದರೆ ಗಿರಾಕಿಯ ವೇಷ ಹಾಕುವುದು. ದೊಡ್ಡ ಬಟ್ಟೆ ಕಂಪನಿಗಳು ಈಗ ತಾಲ್ಲೂಕು ಊರುಗಳಲ್ಲೂ ಮಳಿಗೆ ತೆರೆದಿವೆ. ಅಲ್ಲಿ ಬಟ್ಟೆ ಸರಿಯಾಗಿ ಜೋಡಿಸಿದ್ದಾರೋ, ಎಲ್ಲ ಅಳತೆಯೂ ಇದೆಯೋ, ಬೋರ್ಡಿನ ಬೆಲೆಯೂ ಬಟ್ಟೆಯ ಮೇಲಿನ ಬೆಲೆಯೂ ಒಂದೇ ಇದೆಯೋ ಎಂದು ಗುಟ್ಟಾಗಿ ನೋಡಿ ಬರಲು ಬೆಂಗಳೂರಿನ ಒಂದು ಏಜೆನ್ಸಿ ನನ್ನಂಥವರನ್ನು ಕಳಿಸುತ್ತದೆ. ನಾನು ಹದಿನೆಂಟು ವರ್ಷ ಸೀರೆ ಗಂಟು ಹೊತ್ತು ಶಿವಮೊಗ್ಗದ ಬಡಾವಣೆಗಳಲ್ಲಿ ಮನೆ ಮನೆಗೆ ಮಾರಿದವಳು. ಈಗ ಸೀರೆಗೆ ಫಾಲ್ಸ್ ಹಚ್ಚುವ ಸ್ವಂತ ಅಂಗಡಿ ಇದೆ. ಬಟ್ಟೆ ನೋಡುವುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಬಿಡುವಿನ ದಿನ ನಾಲ್ಕು ಕಾಸು ಬಂದರೆ ಬೇಡವೆನ್ನಲೇಕೆ ಎಂದು ಒಪ್ಪಿಕೊಂಡೆ.

ಬೆಳಿಗ್ಗೆ ಶಿವಮೊಗ್ಗದ ನಿಲ್ದಾಣದಲ್ಲಿ ಸರ್ಕಾರಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆ. ಅದರಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬರಲಿಲ್ಲ. ಕೊನೆಗೆ ಖಾಸಗಿ ಬಸ್ಸು ಹತ್ತಿ ಎಪ್ಪತ್ತೈದು ಕೊಟ್ಟೆ. ಶಿಕಾರಿಪುರಕ್ಕೆ ಐವತ್ತು ಕಿಲೋಮೀಟರಿನ ಮೇಲೆ, ಒಂದೂವರೆ ಗಂಟೆಯ ದಾರಿ. ಊರು ಮುಟ್ಟುವಾಗಲೇ ಬಿಸಿಲು ಚುರುಕಾಗಿತ್ತು.

ಅಲ್ಲಿಯ ಮಳಿಗೆಯಲ್ಲಿ ಬರಿ ನೋಡಿ ಬರುವ ಕೆಲಸ, ಕೊಳ್ಳುವ ಹಾಗಿಲ್ಲ. ಮುಂದಿನ ಸಾಲಿನಲ್ಲಿ ಇನ್ನೂ ಸ್ವೆಟರು ತೂಗುಹಾಕಿದ್ದರು. ಎಂ ಎಂದು ಬರೆದ ಕಡೆ ಎಸ್ ಅಳತೆ ಇತ್ತು. ಏಜೆನ್ಸಿ ಕಳಿಸಿದ ಚಿತ್ರದಲ್ಲಿದ್ದ ಕುರ್ತಾದಲ್ಲಿ ದೊಡ್ಡ ಅಳತೆಯೇ ಇರಲಿಲ್ಲ. ಯಾಕೆಂದು ಕೇಳಿದೆ. ಸ್ಟೂಲಿನ ಮೇಲೆ ಕೂತಿದ್ದವನು ಏಳದೆಯೇ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರೂ ಕೇಳಂಗಿಲ್ರೀ ಅಕ್ಕಾರೆ, ನಾಚ್ಕೊಂತಾರೆ. ನೀವೊಬ್ರೇ ಧೈರ್ಯ ಮಾಡಿದ್ದು ನೋಡ್ರಿ" ಅಂದ. ನನಗೂ ನಗು ಬಂತು. ಮೊಬೈಲಿನಲ್ಲಿ ಮಾತಾಡುವವಳಂತೆ ನಟಿಸುತ್ತಾ ನಾಲ್ಕು ಫೋಟೋ ತೆಗೆದೆ. ಹೊರಗೆ ಬಂದು ಮಂಡಕ್ಕಿ, ಮಿರ್ಚಿ ತಿಂದು ಚಹಾ ಕುಡಿದೆ. ಅರ್ಧ ದಿನದಲ್ಲಿ ಅರ್ಧ ಕೂಲಿ ದಕ್ಕಿತು ಎಂದೇ ಲೆಕ್ಕ ಹಾಕಿದೆ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬದ ಕಡೆ ಹೊರಟೆ. ನಡುವೆ ಕುರಿ ಹಿಂಡೊಂದು ರಸ್ತೆ ತುಂಬಿಕೊಂಡಿತ್ತು. ಡ್ರೈವರು ಹಾರ್ನ್ ಒತ್ತಿದಷ್ಟೂ ಕುರಿಗಳು ಬಸ್ಸಿನ ಕಡೆಗೇ ಬಂದವು. ಸೊರಬದಲ್ಲಿ ಇಳಿದಾಗ ಮಧ್ಯಾಹ್ನ ಎರಡು ದಾಟಿತ್ತು.

ಸೊರಬದ ಮಳಿಗೆ ಸಣ್ಣದು, ಆದರೆ ಚೊಕ್ಕಟ. ಅಳತೆಯ ಪ್ರಕಾರ, ಬಣ್ಣದ ಪ್ರಕಾರ ಜೋಡಿಸಿದ್ದರು. ಜೋಡಿಸಿದವಳು ರೇಣುಕಾ. ಬ್ಯಾಡ್ಜಿನಲ್ಲಿ ಹೆಸರಿತ್ತು. ಮೂವತ್ತರ ಆಸುಪಾಸಿನವಳು, ಕ್ಯಾಸನೂರಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾಳಂತೆ. ಕುರ್ತಾಗಳನ್ನು ಬಿಡಿಸಿ ತೋರಿಸುತ್ತಲೇ ಅವಳ ಕತೆಯೆಲ್ಲ ಹೊರಬಂತು. ಕೆಲಸಕ್ಕೆ ಸೇರಿ ಆರು ತಿಂಗಳ ಮೇಲಾಯಿತು, ಬರುವ ವಾರ ಕಾಯಂ ಮಾಡುತ್ತಾರೆ, ಆಮೇಲೆ ಪಿಎಫ್ ಹಿಡಿಯುತ್ತಾರೆ, ಗಂಡನಿಗೆ ಇಲ್ಲದ್ದು ತನಗಾದರೂ ಆಗುತ್ತದೆ. ನಾನೂ ನನ್ನ ವೇಷದ ಕತೆ ಹೇಳಿದೆ. ಗಿರಾಕಿ ಏನಾದರೊಂದು ಕಾರಣ ಇಟ್ಟುಕೊಂಡಿರಬೇಕು ಎಂಬುದು ಏಜೆನ್ಸಿಯ ಸೂಚನೆ. ಮಗಳು ಮೊದಲ ಸಲ ಕೆಲಸದ ಸಂದರ್ಶನಕ್ಕೆ ಹೋಗುತ್ತಿದ್ದಾಳೆ, ಹಾಕಿಕೊಳ್ಳಲು ಒಂದು ನೆಟ್ಟಗಿನ ಬಟ್ಟೆ ಇಲ್ಲ ಅಂದೆ. ನನಗೆ ಮಗಳಿಲ್ಲ.

ನೀಲಿ ಕುರ್ತಾ ಆರುನೂರು. ಈ ಮಳಿಗೆಯಲ್ಲಿ ಬೆಲೆ ಚೀಟಿಯಲ್ಲಿದ್ದಷ್ಟು ಕೊಟ್ಟು ಕೊಂಡು ಬಿಲ್ ತರುವುದಷ್ಟೇ ನನ್ನ ಕೆಲಸ. ದುಡ್ಡು ನನ್ನದಲ್ಲ, ವಾಪಸು ಬರುವಂಥದ್ದು. ಆದರೆ ಹೇಳಿದ ಬೆಲೆಗೆ ನಾನು ಈ ಜನ್ಮದಲ್ಲಿ ಬಟ್ಟೆ ಕೊಂಡವಳಲ್ಲ. ಬಾಯಿ ತಾನಾಗಿ ತೆರೆಯಿತು. ಹೊಲಿಗೆ ಸಡಿಲ ಅಂದೆ, ಬಣ್ಣ ಬಿಡುತ್ತದೆ ಅಂದೆ. ಇದು ಒಂದೇ ರೇಟಿನ ಅಂಗಡಿ, ಕಂಪ್ಯೂಟರು ಇಳಿಸುವುದಿಲ್ಲ ಎಂದು ಅವಳು ನಗುತ್ತಲೇ ಹೇಳಿದಳು. ನಾನು ಬೇಡವೆಂದು ಬಟ್ಟೆ ಇಟ್ಟು ಬಾಗಿಲಿನ ಕಡೆ ನಡೆದೆ. ನಿಧಾನಕ್ಕೆ, ಕರೆದರೆ ಕೇಳುವಷ್ಟು ನಿಧಾನಕ್ಕೆ.

"ಬನ್ನಿ ಅಕ್ಕಾ ಇಲ್ಲಿ" ಎಂದು ಕರೆದಳು. "ನನ್ನ ಹೆಸರಿಗೆ ಹಾಕಿಸ್ತೀನಿ, ಸ್ಟಾಫಿಗೆ ಕಡಿಮೆ ಆಗ್ತದೆ. ಹೆಣ್ಣುಮಗು ಮೊದಲ ಸಲ ಕೆಲಸಕ್ಕೆ ಹೊರಟಿದೆ ಅಂತೀರಿ. ಯಾರಿಗೂ ಹೇಳ್ಬೇಡಿ ಮಾತ್ರ."

ನಾನೂರ ಎಂಬತ್ತಕ್ಕೆ ಕುರ್ತಾ ಕೈಗೆ ಬಂತು. ಯುದ್ಧ ಗೆದ್ದವಳ ಹಾಗೆ ಮೆಟ್ಟಿಲಿಳಿದೆ.

ಎದುರಿನ ಹೋಟೆಲಿನಲ್ಲಿ ಕೂತು ವರದಿ ತುಂಬಲು ಬಿಲ್ ಬಿಡಿಸಿದಾಗ ನನ್ನ ಬುದ್ಧಿಗೆ ಬೆಳಕಾಯಿತು. ಸಿಬ್ಬಂದಿ ರಿಯಾಯಿತಿ ಎಂದೂ ರೇಣುಕಾಳ ಹೆಸರೂ ಅದರಲ್ಲಿ ಸ್ಪಷ್ಟವಾಗಿ ಅಚ್ಚಾಗಿದ್ದವು. ಆ ಬಿಲ್ಲಿನ ಫೋಟೋ ಹಾಕಿದರೆ ಅವಳ ಕೆಲಸ ಕಾಯಂ ಆಗುವುದಿರಲಿ, ಉಳಿಯುವುದೂ ಇಲ್ಲ. ಏಜೆನ್ಸಿಯ ಹುಡುಗಿಗೆ ಫೋನು ಮಾಡಿ, ಬಿಲ್ ಇಲ್ಲದಿದ್ದರೆ ಏನಾಗುತ್ತದೆ ಎಂದು ಸುಮ್ಮನೆ ವಿಚಾರಿಸುವವಳಂತೆ ಕೇಳಿದೆ. ಎರಡೂ ಮಳಿಗೆಯ ಕೂಲಿ ರದ್ದು ಅಂದಳು. ಅದೇ ಮಳಿಗೆಯದು, ಅದೇ ದಿನದ್ದು, ಯಾವ ಬಿಲ್ಲಾದರೂ ನಡೆಯುತ್ತದೆ ಎಂದೂ ಹೇಳಿದಳು.

ಒಂದು ಜೊತೆ ಕರ್ಚೀಫು ಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದು ನನಗೆ ಹೊಳೆಯಿತು ಕೂಡ. ಆದರೆ ಎರಡು ಸಾಮಾನಿಗೆ ಯಾಕೆ ದುಡ್ಡು ಹಾಕಲಿ, ಕುರ್ತಾವನ್ನೇ ವಾಪಸು ಕೊಟ್ಟು ಪೂರ್ತಿ ಬೆಲೆಗೆ ಹೊಸ ಬಿಲ್ ಮಾಡಿಸಿದರಾಯಿತು ಎಂದು ಮತ್ತೆ ಒಳಗೆ ಹೋದೆ. ಬಿಲ್ ರದ್ದು ಮಾಡಬೇಕಾದರೆ ಮ್ಯಾನೇಜರೇ ಬಂದು ತನ್ನ ಪಾಸ್‌ವರ್ಡ್ ಒತ್ತಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ರೇಣುಕಾ ನನ್ನ ಕೈಯಲ್ಲಿದ್ದ ಬಿಲ್ ನೋಡಿ ಬೇಡವೆಂದು ಕಣ್ಣಿನಲ್ಲೇ ಹೇಳಿದಳು. ಅಷ್ಟರಲ್ಲಿ ಅವನು ಕೌಂಟರಿಗೆ ಬಂದಾಗಿತ್ತು.

ಅವನು ಬಿಲ್ ಓದಿದ. ಅವಳನ್ನು ನೋಡಿದ. ಅವಳು ತಲೆ ಎತ್ತಲಿಲ್ಲ. ತಪ್ಪು ನನ್ನದು, ನಾನೇ ಕಾಡಿಸಿದ್ದು ಎಂದು ಹೇಳಿದೆ. ಒಳ್ಳೆಯ ಮನುಷ್ಯ. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಈ ಸಲ ತಾನು ಏನನ್ನೂ ನೋಡಿಲ್ಲ, ಬಿಲ್ ಹಾಗೇ ಇರಲಿ, ನೀವು ಕುರ್ತಾ ತೆಗೆದುಕೊಂಡು ಹೊರಡಿ ಅಂದ. ರೇಣುಕಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಆಗ ಹೊರಡಬೇಕಿತ್ತು. ಏಳುನೂರು ರೂಪಾಯಿ ಕೂಲಿ ನನ್ನ ಕಾಲು ಹಿಡಿಯಿತು. ಅವನನ್ನು ಪಕ್ಕಕ್ಕೆ ಕರೆದು ನಾನು ಯಾರು, ಯಾಕೆ ಬಂದೆ ಎಂಬುದನ್ನು ಹೇಳಿಬಿಟ್ಟೆ. ಹೊಸ ಬಿಲ್ ಮಾಡಿಕೊಟ್ಟರೆ ಮಳಿಗೆಗೆ ಪೂರ್ತಿ ಅಂಕ ಕೊಡುತ್ತೇನೆ, ನಿಮಗೂ ಲಾಭ ನನಗೂ ಲಾಭ ಅಂದೆ. ವ್ಯಾಪಾರ ಕುದುರಿತು ಎಂದೇ ನನ್ನ ಲೆಕ್ಕ. ಅವನ ಮುಖ ಬಿಳಿಚಿಕೊಂಡಿತು.

"ಎಂಥ ಕೆಲಸ ಮಾಡಿದ್ರಿ ಅಕ್ಕಾ" ಅಂದ. "ನೀವು ಸುಮ್ಮನಿದ್ದಿದ್ರೆ ನಾನು ನುಂಗ್ಕೋತಿದ್ದೆ. ಈಗ ನೀವು ಪರೀಕ್ಷೆ ಮಾಡೋರು ಅಂತ ಗೊತ್ತಾದ ಮೇಲೂ ನಾನು ಮೇಲಿನೋರಿಗೆ ಬರೀದೆ ಕೂತ್ರೆ, ಅವಳ ಜೊತೆ ನನ್ನದೂ ಹೋಗ್ತದೆ."

ನಾನು ಏನನ್ನೂ ಬರೆಯುವುದಿಲ್ಲ ಎಂದು ಆಣೆ ಹಾಕಿದೆ. ವೇಷ ಹಾಕಿ ಬಂದವಳ ಆಣೆಯನ್ನು ಯಾರು ನಂಬುತ್ತಾರೆ. ಅವನು ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡಲು ಶುರುಮಾಡಿದ.

ರೇಣುಕಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕುರ್ತಾವನ್ನು ಮತ್ತೆ ಮಡಿಚಿ ಚೀಲಕ್ಕೆ ಹಾಕುತ್ತಾ, "ಹಾಗಾದ್ರೆ ಕೆಲಸಕ್ಕೆ ಹೋಗೋ ಮಗಳು?" ಎಂದು ಕೇಳಿದಳು.

ಇಲ್ಲವೆಂದೆ.

ಅವಳು ಚೀಲ ನನ್ನ ಕೈಗೆ ಕೊಟ್ಟು, "ಮೊದಲ ಸಲ ಬೇರೆ ನೆನೆಸಿ. ನೀವಂದಿದ್ದು ಖರೆ, ಬಣ್ಣ ಬಿಡ್ತದೆ" ಅಂದಳು.

ವರದಿ ಕಳಿಸಲಿಲ್ಲ. ಏಜೆನ್ಸಿಯವರು ಶಿಕಾರಿಪುರದ್ದನ್ನೂ ರದ್ದು ಮಾಡಿದರು. ಸಾಗರದವರೆಗೆ ಖಾಸಗಿ ಬಸ್ಸು, ಅಲ್ಲಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸು ಸಿಕ್ಕಿತು. ಪುಕ್ಕಟೆ ಸೀಟು, ಅದೂ ಕಿಟಕಿಯ ಪಕ್ಕ. ಬೇರೆ ದಿನವಾಗಿದ್ದರೆ ಖುಷಿಪಡುತ್ತಿದ್ದೆ. ಮುಂದಿನ ವಾರ ಮಳಿಗೆಗೆ ಫೋನು ಮಾಡಿ ರೇಣುಕಾ ಇದ್ದಾರಾ ಎಂದು ಕೇಳಿದೆ. ಯಾರು ಮಾತಾಡೋದು ಅಂದರು. ಹೆಸರು ಹೇಳಲು ಬಾಯಿ ಬರದೆ ಇಟ್ಟುಬಿಟ್ಟೆ.

ನೀವು ಈ ಕೆಲಸಕ್ಕೆ ಹೊರಟರೆ ಇಷ್ಟು ನೆನಪಿಡಿ. ಬಸ್ಸಿನ ಖರ್ಚು ಏಜೆನ್ಸಿಯೇ ಕೊಡುತ್ತದೆಯೋ ಎಂದು ಮೊದಲೇ ಕೇಳಿ, ಎರಡು ಊರನ್ನು ಒಂದೇ ದಿನಕ್ಕೆ ಒಪ್ಪಬೇಡಿ. ಹೇಳಲೇಬೇಕಾದ ಸುಳ್ಳಿದ್ದರೆ ಕನಿಕರ ಹುಟ್ಟಿಸುವ ಸುಳ್ಳು ಬೇಡ, ಸುಮ್ಮನೆ ನೋಡಲು ಬಂದೆ ಅಂದರೆ ಸಾಕು. ಚೌಕಾಸಿಯನ್ನು ನಿಮ್ಮ ಸ್ವಂತ ದುಡ್ಡಿಗೆ ಇಟ್ಟುಕೊಳ್ಳಿ. ಯಾರಾದರೂ ಹೋಗಲಿ ಬಿಡಿ ಎಂದು ಒಂದು ಸಲ ಅಂದರೆ, ಎಷ್ಟು ನಷ್ಟವಾದರೂ ಆ ಕ್ಷಣವೇ ಚಪ್ಪಲಿ ಮೆಟ್ಟಿ ಹೊರಟುಬಿಡಿ. ಸೊರಬದ ಕಡೆ ಹೋದವರು ಆ ಮಳಿಗೆಗೆ ಒಮ್ಮೆ ಹೋಗಿ. ರೇಣುಕಾ ಅಲ್ಲಿದ್ದರೆ ಅವಳ ಕೈಯಿಂದಲೇ ಬಟ್ಟೆ ತೋರಿಸಿಕೊಳ್ಳಿ, ಎಷ್ಟು ಹೇಳುತ್ತಾಳೋ ಅಷ್ಟು ಕೊಟ್ಟು ಬನ್ನಿ.