ಲಿಫ್ಟಿನ ಏದುಸಿರು

ಹಳೆಯ ಎತ್ತರದ ಕಟ್ಟಡವೊಂದರ ಲಿಫ್ಟ್ ನೋಡಿಕೊಳ್ಳುತ್ತಿದ್ದ ಅವನನ್ನು ಬಾಡಿಗೆದಾರರೆಲ್ಲ ಲಿಫ್ಟಣ್ಣ ಎನ್ನುತ್ತಿದ್ದರು. ಬಲು ಚುರುಕು ಕಿವಿ. ಲಿಫ್ಟ್ ಯಾವ ಮಹಡಿಯಲ್ಲಿ ಗೊಣಗಿದರೂ ನೆಲಮಹಡಿಯ ತನ್ನ ಮನೆಯಲ್ಲಿ ಕೂತೇ "ರೋಲರ್ ಸವೆದಿದೆ" ಎಂದುಬಿಡುತ್ತಿದ್ದ. ಹೆಂಡತಿಯ ಮಾತನ್ನು ಮಾತ್ರ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ.

ಇಬ್ಬರಿಗೂ ಸಕ್ಕರೆ ಕಾಯಿಲೆ. ಆದರೆ ಆ ಮನೆಯಲ್ಲಿ ಕಾಯಿಲೆ ಎಂದರೆ ಗಂಡನದೇ. ಪರೀಕ್ಷೆ ಅವನಿಗೆ, ಪಥ್ಯ ಅವನಿಗೆ. ಅವಳದು ಒಂದು ಮಾತ್ರೆ ನುಂಗಿದರೆ ಮುಗಿಯಿತು. "ಹೃದಯ ಚೆನ್ನಾಗಿರ್ಬೇಕಂದ್ರೆ ದಿನಾ ಮೈ ದಣಿಸಿ" ಎಂದು ಡಾಕ್ಟರು ಹೇಳಿದ್ದೂ ಅವನಿಗೇ. ಊರವರನ್ನೆಲ್ಲ ಮೆಟ್ಟಿಲಿನಿಂದ ಪಾರು ಮಾಡಿದ ಮಹಾನುಭಾವ ಬೆಳಗಿನ ಜಾವ ತಾನೇ ಮೆಟ್ಟಿಲು ಹತ್ತತೊಡಗಿದ. ಶುರುವಿನಲ್ಲೇ ಒಮ್ಮೆ ಸಕ್ಕರೆ ಇಳಿದು, ತಲೆ ಸುತ್ತಿ ಕುಸಿದ.

"ನಾನೂ ಬರ್ತೀನಿ ರೀ."

"ನನಗೇನು ಕಾವಲು ಬೇಕಾ? ಸುಮ್ನೆ ಮಲಕ್ಕೋ ಹೋಗೇ."

ಅದಾದ ಮೇಲೆ ಶುರುವಾಯಿತು ಆ ಸದ್ದು. ಅವನು ಹತ್ತುತ್ತಿದ್ದರೆ ಕೆಳಗೆಲ್ಲೋ ಯಾರೋ ಏದುಸಿರು ಬಿಡುತ್ತಿದ್ದರು. ಹೆಜ್ಜೆ ಸಪ್ಪಳವಿಲ್ಲ, ಬರೀ ಉಸಿರು. ಅವನು ನಿಂತರೆ ಅದೂ ಬಾಯಿಗೆ ಕೈ ಅಡ್ಡ ಹಿಡಿದಂತೆ ಅಡಗುತ್ತಿತ್ತು. ಬಗ್ಗಿ ನೋಡಿದರೆ ಮಂಕು ಬಲ್ಬು, ಮುಚ್ಚಿದ ಬಾಗಿಲುಗಳು, ಖಾಲಿ ಮೆಟ್ಟಿಲು. "ಯಾರದು?" ಎಂದರೆ ಅವನ ದನಿಯೇ ತಿರುಗಿ ಬರುತ್ತಿತ್ತು. ದೆವ್ವಕ್ಕೆ ಉಸಿರೆಲ್ಲಿಂದ ಬರಬೇಕು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ. ಆದರೂ ಗೋಡೆಗೆ ಒತ್ತಿಕೊಂಡೇ ಹತ್ತುತ್ತಿದ್ದ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಲಿಫ್ಟಣ್ಣನಿಗೆ ಕೇಳಿದ್ದೆಲ್ಲ ಲಿಫ್ಟು. ಮೆಟ್ಟಿಲ ಪಕ್ಕದಲ್ಲೇ ಲಿಫ್ಟ್ ಏರಿಳಿಯುವ ಬಾವಿ. ಸದ್ದು ಅಲ್ಲಿಂದಲೇ ಎಂದು ತೀರ್ಮಾನಿಸಿ ಗ್ರೀಸ್ ಹಚ್ಚಿದ, ರೋಲರ್ ಬದಲಿಸಿದ. ಉಸಿರು ಮಾತ್ರ ದಿನೇ ದಿನೇ ಭಾರವಾಯಿತು.

"ಲಿಫ್ಟು ಮನುಷ್ಯರ ಹಾಗೆ ಏದುಸಿರು ಬಿಡ್ತಿದೆ ಕಣೇ," ಎಂದ ಹೆಂಡತಿಗೆ.

ಅವಳು ಪಾತ್ರೆಯಿಂದ ತಲೆ ಎತ್ತಲಿಲ್ಲ. "ಅದಕ್ಕೂ ವಯಸ್ಸಾಯ್ತಲ್ಲ."

ಒಂದು ಬೆಳಗ್ಗೆ ಅವನು ಹಟಕ್ಕೆ ಬಿದ್ದ. ಬೆನ್ನ ಹಿಂದೆ ಉಸಿರು ಕೇಳಿಸುತ್ತಿದ್ದಂತೆಯೇ ತಾರಸಿಯ ಮೆಷಿನ್ ರೂಮಿಗೆ ಹೋಗಿ ಲಿಫ್ಟಿನ ಮೇನ್ ಸ್ವಿಚ್ ಎಳೆದ. ಕಿವಿಗೊಟ್ಟ. ಕೆಳಗಿನಿಂದ ಒಂದು ಉಸಿರು ಬಂತು. ಇನ್ನೊಂದು, ಅರ್ಧದಲ್ಲೇ ತುಂಡಾಯಿತು. ಆಮೇಲೆ ಏನೂ ಇಲ್ಲ.

"ಸಿಕ್ಕಿಬಿದ್ಯಲ್ಲ ಕಳ್ಳ!" ಎಂದು ತೊಡೆ ತಟ್ಟಿ ನಕ್ಕ. ಸಿಳ್ಳೆ ಹಾಕುತ್ತಾ ಇಳಿದ.

ನಡುಮಹಡಿಯ ತಿರುವಿನಲ್ಲಿ ಹೆಂಡತಿ ಕೂತಿದ್ದಳು. ಕಾಲಿಗೆ ಸಪ್ಪಳವಾಗದಂತೆ ಉಣ್ಣೆಯ ಕಾಲುಚೀಲ. ಮುಖದಲ್ಲಿ ತಣ್ಣನೆಯ ಬೆವರು. ಮುಷ್ಟಿಯಲ್ಲಿ ಅವನಿಗೆಂದು ದಿನವೂ ಹಿಡಿದು ಬರುತ್ತಿದ್ದ ಸಕ್ಕರೆಯ ಪೊಟ್ಟಣ.

"ಎದೆ ನೋವಾ?"

ತಲೆ ಅಲ್ಲಾಡಿಸಿದಳು. "ನೋವಿಲ್ಲ. ಉಸಿರು... ಸಾಲ್ತಿಲ್ಲ."

ಆಂಬುಲೆನ್ಸಿಗೆ ಫೋನು ಮಾಡಿದ. ಅವಳನ್ನು ಇಳಿಸಲು ಲಿಫ್ಟ್ ಬೇಕು. ಅದನ್ನು ಸಾಯಿಸಿ ಬಂದವನು ತಾನೇ. ಮತ್ತೆ ಮೇಲಕ್ಕೆ ಓಡಿದ. ಈ ಸಲ ಮೆಟ್ಟಿಲ ತುಂಬ ಒಂದೇ ಏದುಸಿರು, ಅವನದು. ಕೆಳಗಿನಿಂದ ಇನ್ನೊಂದು ಕೇಳಿಸಲಿ ಎಂದು ಅವನು ಪ್ರತಿ ತಿರುವಿನಲ್ಲೂ ಬೇಡಿಕೊಂಡ. ಕೇಳಿಸಲಿಲ್ಲ.

ಬದುಕಿದಳು. "ಹೃದಯಾಘಾತ ಆಗಿದೆ," ಎಂದರು ಡಾಕ್ಟರು. "ಸಕ್ಕರೆ ಇದ್ದೋರಿಗೆ ಕೆಲವು ಸಲ ನೋವೇ ಗೊತ್ತಾಗಲ್ಲ. ಏದುಸಿರೊಂದೇ ಸೂಚನೆ. ಎಷ್ಟು ದಿನದಿಂದ ಇತ್ತು? ಯಾರಿಗೂ ಕೇಳಿಸ್ಲಿಲ್ವಾ?"

ಲಿಫ್ಟಣ್ಣನ ಕೈ ತನ್ನ ಕಿವಿಗೆ ಹೋಯಿತು.

ಸಂಜೆ ಅವಳೇ ಮೆಲ್ಲಗೆ ಕೇಳಿದಳು: "ಸದ್ದು ನಿಂತಾಗ ಏನಂದ್ಕೊಂಡ್ರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ರಿಪೇರಿ ಆಯ್ತು ಅಂದ್ಕೊಂಡೆ ಕಣೇ."

ಅವಳು ನಕ್ಕಳು, ನಗುತ್ತಲೇ ನಿದ್ದೆ ಹೋದಳು. ಅವನು ಕುರ್ಚಿಯನ್ನು ಮಂಚಕ್ಕೆ ತಾಗಿಸಿ, ಅವಳ ಮುಂದಿನ ಉಸಿರಿಗೆ ಕಿವಿಗೊಟ್ಟು ಕೂತ.